ಹೂಂ

ಬೆಳಗಿನ ಜಾವ ಮೂರಕ್ಕೆ
ತೊಟ್ಟಿಯ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು
ಚೊಂಬಿನ ತಳದಿಂದ ಕುಟ್ಟಿ ಒಡೆದು
ಮುಖ ತೊಳೆದವಳು ಸತುರ್ನಿನಾ.
ಈಗ ಕುಸ್ಕೋದ ಕಲ್ಲುಹಾಸಿನ ಓಣಿಯಲ್ಲಿ
ಕೆನ್ನೆಗೆ ಬಿಸಿಲು, ಬೆನ್ನಿಗೆ ಗೋಡೆ,
ತೋಳಿನಲ್ಲಿ ಎಳೆಯ ಅಲ್ಪಾಕ.
ಬೆಂದ ಮೆಕ್ಕೆಜೋಳದ ಬಣ್ಣ ಅದಕ್ಕೆ,
ಹೆಸರೂ ಅದೇ: ಮೋತೆ.
ಕಿವಿಗೆ ಕೆಂಪು ಕುಚ್ಚು, ಕೊರಳಿಗೆ ಗಂಟೆ,
ಕೆಳದವಡೆಯಲ್ಲಿ ನಾಲ್ಕೇ ಹಲ್ಲು.

ಗೋಡೆಯ ಕೆಳಗಿನರ್ಧ ಅಜ್ಜಂದಿರದು;
ಕಲ್ಲಿಗೆ ಕಲ್ಲು ಕೂತ ಬಗೆಗೆ
ನಡುವೆ ಸೂಜಿಯೂ ತೂರದು.
ಮೇಲಿನರ್ಧ ಆಮೇಲೆ ಬಂದವರದು:
ಸುಣ್ಣ, ಹೆಂಚು, ನೀಲಿ ಬಾಲ್ಕನಿ.
ಭೂಮಿ ನಡುಗಿದಾಗಲೆಲ್ಲ ಉದುರುವುದು ಮೇಲಿನದೇ
ಎನ್ನುತ್ತಾಳೆ ಫೋರ್ತುನಾತಾ, ಕೋಕಾ ಎಲೆ ದವಡೆಗಿಟ್ಟು,
ಅತ್ತಿತ್ತ ನೋಡಿ, ದನಿ ತಗ್ಗಿಸಿ.
ಮೋತೆ ಹೂಂ ಅನ್ನುತ್ತದೆ.

ಅಲ್ಪಾಕಗಳು ಹಾಗೆಯೇ.
ಕತೆ ಕೇಳುತ್ತ ಮಲಗಿದ ಮಗುವಿನ ಹಾಗೆ ಹೂಂಗುಡುತ್ತವೆ.
ಹಸಿದರೂ ಹೂಂ, ಹೆದರಿದರೂ ಹೂಂ,
ತಾಯಿ ಕಣ್ಮರೆಯಾದರೆ
ಕೊಂಚ ಉದ್ದದ ಹೂಂ.

ಒಂದು ಫೋಟೋಗೆ ಒಂದು ಸೋಲ್.
ಸೋಲ್ ಅಂದರೆ ಸ್ಪ್ಯಾನಿಷಿನಲ್ಲಿ ಸೂರ್ಯನೂ ಹೌದು.
ನನ್ನ ಕನ್ನಡದ ಕಿವಿಗೆ ಬೇರೆಯೇ ಕೇಳಿತು; ಬಾಯಿ ಬಿಡಲಿಲ್ಲ.
ಅವಳ ಲೆಕ್ಕ ಅವಳಿಗೆ:
ಹತ್ತು ಫೋಟೋ ಹೋಗಿಬರುವ ವ್ಯಾನಿಗೆ,
ಎರಡು ಬ್ರೆಡ್ಡಿಗೆ, ಏಳು ಮಗನ ಕಂಪಾಸು ಪೆಟ್ಟಿಗೆಗೆ.
'ನಗು' ಎಂಬ ಮಾತು ಆರು ಭಾಷೆಯಲ್ಲಿ ಗೊತ್ತು.
ತನ್ನ ಭಾಷೆಯಲ್ಲಿ
ಅದನ್ನು ಯಾರೂ ಅವಳಿಗೆ ಹೇಳಿದ್ದಿಲ್ಲ.

ಹನ್ನೊಂದರ ಹೊತ್ತಿಗೆ ನಗರಸಭೆಯವನ ಸೀಟಿ.
ಇಲ್ಲಿ ನಿಲ್ಲುವ ಹಾಗಿಲ್ಲ, ನಡೀರಿ, ನಡೀರಿ.
ಲಂಗಗಳು ಬಿಚ್ಚಿದ ಕೊಡೆಗಳಂತೆ ಚದುರಿದವು.
ಸತುರ್ನಿನಾ ನುಗ್ಗಿದ್ದು ಮೂಲೆಯ ಅಂಗಡಿಗೆ.
ಗಿರ್ರನೆ ತಿರುಗುವ ತಂತಿಯ ಸ್ಟ್ಯಾಂಡಿನಲ್ಲಿ
ಪೋಸ್ಟ್‌ಕಾರ್ಡುಗಳು: ಕಣಿವೆ, ಇಗರ್ಜಿ, ರಣಹದ್ದು,
ಮೂರನೆಯ ಸಾಲಿನಲ್ಲಿ
ಅವ್ವ.

ಇಸಿದೋರಾ. ಸತ್ತು ಒಂಬತ್ತು ವರ್ಷ.
ಬಿಸಿಲಿಗೆ ಮಾಸಿದ ಬಣ್ಣ, ಚಪ್ಪಟೆ ಟೋಪಿ,
ಶಾಲಿಗೆ ಚುಚ್ಚಿದ ಬೆಳ್ಳಿಯ ಪಿನ್ನು.
ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾಳೆ,
ಇವನು ದುಡ್ಡು ಕೊಟ್ಟಾನೋ ಇಲ್ಲವೋ ಎಂದು.
ಪಕ್ಕದಲ್ಲಿ ಕರಿಯ ಅಲ್ಪಾಕ; ಅದರ ಕೊರಳು ತಬ್ಬಿ
ಮೂಗು ಸುರಿಸುತ್ತ ನಿಂತ ಆರು ವರ್ಷದ ಹುಡುಗಿ.
ಆ ಸ್ವೆಟರು ನೆನಪಿದೆ. ಒಂದು ತೋಳು ಉದ್ದವಿತ್ತು.
ಮನೆಯಲ್ಲಿ ಅವ್ವನ ಪಟವಿಲ್ಲ.
ಗುರುತಿನ ಚೀಟಿಯಲ್ಲಿದ್ದುದನ್ನು
ಅವಳ ಜೊತೆಗೇ ಮಣ್ಣಿಗಿಟ್ಟರು.

ಎಷ್ಟು?
ಐದು ಸೋಲ್, ಅಂದ ಅಂಗಡಿಯವನು, ತಲೆಯೆತ್ತದೆ.
ಇದು ನಾನು, ಅನ್ನಬೇಕೆನ್ನಿಸಿತು.
ಬಾಯಿಗೆ ಬಂದದ್ದು: ಮೂರಕ್ಕೆ ಕೊಡು.
ನಾಲ್ಕು, ಅಂದ.
ಮೋತೆ ಹೂಂ ಅಂದುಬಿಟ್ಟಿತು.
ವ್ಯಾಪಾರ ಮುಗಿಯಿತು.

ಹಿಂಬದಿಗೆ ವಿಳಾಸದ ನಾಲ್ಕು ಗೆರೆ,
ಅಂಚೆಚೀಟಿಗೆ ಒಂದು ಖಾಲಿ ಚೌಕ,
ತಳದಲ್ಲಿ ಇರುವೆ ಗಾತ್ರದ ಅಕ್ಷರ.
ಫೋರ್ತುನಾತಾಳ ಮಗಳು ಕೂಡಿಸಿ ಕೂಡಿಸಿ ಓದಿದಳು:
'ಲಾಮಾದೊಂದಿಗೆ ಸ್ಥಳೀಯ ಮಹಿಳೆ.'
ಲಾಮಾ ಅಂತೆ!
ಸತುರ್ನಿನಾಳಿಗೆ ಸಿಟ್ಟು ಬಂದದ್ದು ಅದಕ್ಕೆ.
ಕಣ್ಣಿಲ್ಲವೇ ಇವರಿಗೆ, ಆ ಕಿವಿ ನೋಡಬಾರದೇ,
ಆ ಉಣ್ಣೆ, ಆ ಗಿಡ್ಡ ಕೊರಳು?
ಕರಿಯದರ ಕತೆ ಹೇಳತೊಡಗಿದಳು: ಆಲಿಕಲ್ಲಿನ ರಾತ್ರಿ
ಅದು ಹುಟ್ಟಿದ್ದು, ಅವ್ವ ಅದನ್ನು
ತನ್ನ ಲಂಗದೊಳಗೆ ಕಟ್ಟಿಕೊಂಡು ಕೂತದ್ದು.
ಹೂಂಗುಡಲು ಮೋತೆ ಇರಲಿಲ್ಲ;
ಅದರ ಬಾಯಿ ತುಂಬಿತ್ತು.
ಕಾರ್ಡಿನ ಒಂದು ಮೂಲೆ ಹೋಗಿತ್ತು.
ಆಕಾಶದ ಭಾಗ. ಅವ್ವನಿಗೇನೂ ತಾಗಿರಲಿಲ್ಲ.

ಮಧ್ಯಾಹ್ನ. ಸೀಟಿಯವನು ಊಟಕ್ಕೆ ಹೋದ.
ಅದೇ ಗೋಡೆ, ಅದೇ ಬಿಸಿಲು ಒಂದಿಷ್ಟು ಸರಿದು.
ಶಾಲಿನ ಮಡಿಕೆಯಲ್ಲಿ ಕಾರ್ಡು, ಎದೆಗೆ ಒರಟಾಗಿ.
ಉದ್ದನೆಯವನೊಬ್ಬ ಕ್ಯಾಮೆರಾ ಎತ್ತಿ, ಬೆರಳು ತೋರಿಸಿ
ಎಷ್ಟು ಎಂದು ಹುಬ್ಬಿನಲ್ಲೇ ಕೇಳಿದ.
ಅವಳು ಕಣ್ಣು ಕಿರಿದು ಮಾಡಿ ನೋಡಿದಳು.
ಒಂದು ಸೋಲ್, ಅಂದಳು.
ಶಾಲು ಮುಟ್ಟಿಕೊಂಡು, ತಡೆದು,
ಎರಡು, ಅಂದಳು.